ಎಲ್ಲರಿಗೂ ಎರಡೇ ನಿಮಿಷ

ಮಾತಿನಮಲ್ಲಿ,

ಹಾಸ್ಟೆಲ್ ಕೋಣೆಯಲ್ಲಿ ನಿನಗೆ ಈ ಹೆಸರಿಟ್ಟವಳು ನಾನೇ. ಈಗ ನಿನ್ನ ವಿಳಾಸವೂ ಗೊತ್ತಿಲ್ಲ. ಆದರೂ ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ.

ನಾನೀಗ ನಮ್ಮ ಕಾಲೇಜಿನಲ್ಲೇ ಪಾಠ ಮಾಡುತ್ತೇನೆ. ಇವತ್ತು ಸಮಾನತೆ, ಪ್ರಜಾಪ್ರಭುತ್ವದ ಬಗ್ಗೆ ಸಂವಾದವಿತ್ತು. ಮೇಜಿನ ಗಂಟೆ ಈಗಲೂ ನನ್ನ ಕೈಯಲ್ಲೇ: ಎಲ್ಲರಿಗೂ ಎರಡೇ ನಿಮಿಷ, ಯಾರಿಗೂ ರಿಯಾಯಿತಿ ಇಲ್ಲ. ನಿನ್ನ ಹಾಗೇ ತೊದಲುವ ಹುಡುಗಿಯೊಬ್ಬಳು ಎದ್ದಳು. ಅವಳ ಎರಡನೇ ವಾಕ್ಯಕ್ಕೇ ಸಮಯ ಮುಗಿಯಿತು. ನಾನು ಬಾರಿಸಿದೆ.

ಅವಳು ಕೂರಲಿಲ್ಲ. “ಮೇಡಂ, ನ... ನನ್ನ ಎರಡು ನಿಮಿಷ ಸ್ವಲ್ಪ ಉ... ಉದ್ದ ಇರುತ್ತೆ. ಕಾಯ್ತೀರಾ?” ಅಂದಳು. ಸಭೆ ನಕ್ಕಿತು, ಆಮೇಲೆ ಕಾಯಿತು. ಏಳು ನಿಮಿಷ. ಆಕಾಶವೇನೂ ಕಳಚಿ ಬೀಳಲಿಲ್ಲ.

ನಾವು ಓದುತ್ತಿದ್ದಾಗ ಅವತ್ತು, ಯೂನಿಯನ್ ಚುನಾವಣೆಗೆ ನಿಂತಿದ್ದ ನೀನು, ಇದೇ ವೇದಿಕೆಯಲ್ಲಿ “ನ... ನನಗ್ಯಾಕೆ ಓಟು ಹಾಕ್ಬೇಕು ಅಂದ್ರೆ” ಅನ್ನುವಲ್ಲಿಗೆ ಬರುವಷ್ಟರಲ್ಲಿ ನಾನು ಬಾರಿಸಿದ್ದೆ. ನೀನು ನನ್ನನ್ನೇ ನೋಡಿದೆ, ಇಳಿದು ಹೋದೆ, ವಾರದೊಳಗೆ ಕೋಣೆಯನ್ನೂ ಬಿಟ್ಟೆ. “ರೂಲ್ಸು ಎಲ್ಲರಿಗೂ ಒಂದೇ ಕಣೇ” ಅಂದಿದ್ದೆ. ಇಷ್ಟು ವರ್ಷ ನನಗೂ ಅದನ್ನೇ ಹೇಳಿಕೊಂಡು ಬಂದೆ.

ಆದರೆ ಅದರ ಹಿಂದಿನ ವಾರವಿಡೀ ನೀನು ಮಂಚದ ಮೇಲೆ ನಿಂತು ಭಾಷಣ ಅಭ್ಯಾಸ ಮಾಡುವಾಗ, ವಾಚು ಹಿಡಿದು ಕೂತಿದ್ದವಳು ನಾನೇ. ನಿನಗೆ ಐದು ನಿಮಿಷ ಬೇಕೆಂದು ನನಗೊಬ್ಬಳಿಗೇ ಗೊತ್ತಿತ್ತು.