ತಮಿಳಿಗೆ ಹೇಳದೆ ಬಿಟ್ಟ ಮಾತು

ಅತ್ತೆ,

ಎದುರು ನಿಂತು ಕೇಳಲು ಧೈರ್ಯ ಸಾಲದೆ ಈ ಚೀಟಿಯನ್ನು ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದೇನೆ.

ನಿನ್ನೆ ಕೋಡಂಬಾಕ್ಕಂನ ಚಿತ್ರೋತ್ಸವದಲ್ಲಿ, ವಿಧವೆಯೊಬ್ಬಳ ಕಥೆಯ ಆ ಇರಾನಿ ಸಿನಿಮಾ ಮುಗಿದ ಮೇಲೆ, ನೀವು ಚರ್ಚೆಯಲ್ಲಿ ಎದ್ದು ಕನ್ನಡದಲ್ಲೇ ಮಾತಾಡಿದಿರಿ. ನಾನು ಪಕ್ಕದಲ್ಲಿ ನಿಂತು ತಮಿಳಿಗೆ ಹೇಳುತ್ತಾ ಹೋದೆ. "ಹೋದವ ನನ್ನ ಮಗ. ಅದಕ್ಕೆ ಸೊಸೆ ಯಾಕೆ ಒಂಟಿಯಾಗಿ ಇರ್ಬೇಕು?" ಎಂದದ್ದಕ್ಕೆ ಚಪ್ಪಾಳೆ ಬಿತ್ತು. ಆಮೇಲೆ, "ಇವಳಿಗೆ ಒಳ್ಳೆಯವ ಸಿಕ್ಕಿದ್ರೆ ನಾನೇ ನಿಂತು ಮದುವೆ ಮಾಡಿಸ್ತೇನೆ" ಎಂದಿರಿ. ಅದೊಂದನ್ನು ನಾನು ತಮಿಳಿಗೆ ಹೇಳಲಿಲ್ಲ.

ನಿಮಗೆ ಮೈಕ್ ಹಿಡಿದು ನಿಂತಿದ್ದರಲ್ಲ, ಉತ್ಸವ ನಡೆಸುವ ಇಳಂಗೋ, ಅವರಿಗೆ ಕನ್ನಡ ಬಾರದು. ಹೋದ ವರ್ಷದಿಂದ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ.

ಮೈಕ್ ಮುಂದೆ ಯಾರು ಬೇಕಾದರೂ ದೊಡ್ಡ ಮಾತಾಡಿಯಾರು. ನೀವು ಹಾಗಲ್ಲವೆಂದೇ ಕೇಳುತ್ತಿದ್ದೇನೆ. ಭಾನುವಾರದ ಸಿನಿಮಾಕ್ಕೆ ಹೊರಡುವ ಮುಂಚೆ ಹೇಳಿ: ಬಿಟ್ಟ ಆ ಮಾತನ್ನು ಅವರಿಗೆ ಹೇಳಲೇ?

ನಿಮ್ಮ ಮನೆಯವಳೇ ಆದ
ವೀಕ್ಷಾ