ಆ ಲಕೋಟೆಯನ್ನು ಅಂಚೆಗೆ ಹಾಕಬೇಡಿ

ರೀ,

ಚೀಟಿಯನ್ನು ನಿಮ್ಮ ಬೂಟಿನೊಳಗೆ ಇಟ್ಟಿದ್ದೇನೆ. ಬೇರೆಲ್ಲಿಟ್ಟರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ರಾತ್ರಿಪಾಳಿ ಮುಗಿಸಿ ಈಗಷ್ಟೇ ಮಲಗಿದವರನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ.

ಊರಿನ ವಕೀಲರಿಗೆ ಕಳಿಸಬೇಕಿದ್ದ ಪವರ್ ಆಫ್ ಅಟಾರ್ನಿಯ ಲಕೋಟೆಯನ್ನು ನಿಮ್ಮ ಚೀಲದಿಂದ ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಅದು ಅಲ್ಲೇ ಇರಲಿ.

ಆ ವಕೀಲರು ಫೋನ್ ಮಾಡಿದರೆ ಎತ್ತಬೇಡಿ. ಮರೆತು ಎತ್ತಿದರೂ "ಅವಳು ಕೆಲಸಕ್ಕೆ ಹೋಗಿದಾಳೆ" ಅಂದು ಇಟ್ಟುಬಿಡಿ. ನಿಮ್ಮ ಹರಟೆ ಶುರು ಮಾಡಬೇಡಿ, ದಮ್ಮಯ್ಯ.

ಇಷ್ಟು ದೂರದ ದೇಶದಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ ಒಳ್ಳೇ ವಕೀಲರನ್ನು ಹುಡುಕಿದೆ ಎಂದು ಬೀಗುತ್ತಿದ್ದೆನಲ್ಲ? ಅಪ್ಪ ನನ್ನ ಹೆಸರಿಗೆ ಬರೆದ ಮನೆ, ಅದರ ಮೇಲೆ ಅಣ್ಣ ಹಾಕಿರುವ ದಾವೆ, ಯಾವ ಕಾಗದ ಎಲ್ಲಿದೆ, ಎಲ್ಲವನ್ನೂ ಮೂರು ವಾರದಿಂದ ಅವರ ಮುಂದೆ ಒದರಿದ್ದೇನೆ. ನಮ್ಮ ಜುಟ್ಟು ಈಗ ಅವರ ಕೈಯಲ್ಲಿದೆ.

ಈಗ ತಾನೇ ಫೋನ್ ಮಾಡಿ, ಲಕೋಟೆ ಬೇಗ ಬರಲಿ ಎಂದರು. ಇಡುವ ಮುಂಚೆ ಬಹಳ ಅಕ್ಕರೆಯಿಂದ ಕೇಳಿದರು: "ಚಿಕ್ಕೋರಿದ್ದಾಗ ತಾರಸಿ ಮೇಲಿಂದ ಬಿದ್ದಿದ್ರಲ್ಲ, ಆ ಮಂಡಿ ಈಗ್ಲೂ ನೋಯುತ್ತೇನಮ್ಮ?"

ಮೆಟ್ಟಿಲು ಜಾರಿ ಬಿದ್ದೆ ಎಂದೇ ನಾನು ಅಪ್ಪನಿಗೂ ನಿಮಗೂ ಹೇಳಿದ್ದು. ತಾರಸಿಯ ವಿಷಯ ಯಾರಿಗೂ ಹೇಳಬೇಡ ಎಂದು, ನನ್ನನ್ನು ಎತ್ತಿಕೊಂಡು ಅಳುತ್ತಾ, ಅವತ್ತು ಅಣ್ಣನೇ ಆಣೆ ಹಾಕಿಸಿಕೊಂಡಿದ್ದ.