ಬರ್ತಾ ಬರ್ತಾ, ಹೋಗ್ತಾ ಹೋಗ್ತಾ

ಅಪ್ಪಾ,

ನಿಮ್ಮ ಹಳೇ ಗಿರಾಕಿ ಟೀಚರಮ್ಮ ಇವತ್ತು ಅಂಗಡಿಗೆ ಬಂದಿದ್ದರು. ನೀವು ಹೋದಮೇಲೆ ಕನ್ನಡಕದ ಅಂಗಡಿ ನಾನೇ ನಡೆಸುತ್ತಿರುವುದು ಗೊತ್ತಿದ್ದೂ, ಬಾಗಿಲಲ್ಲೇ ನಿಂತು ನನ್ನನ್ನು ಅನುಮಾನದಿಂದ ನೋಡಿದರು.

“ಬರ್ತಾ ಬರ್ತಾ ಅಕ್ಷರ ಎಲ್ಲ ಇರುವೆ ಹರಿದಾಡಿದ ಹಾಗೆ ಕಾಣ್ತವೆ,” ಎಂದರು.

ನಿಮ್ಮ ಪಾಠ ನೆನಪಾಯಿತು. ಗಿರಾಕಿಗಳ ದೂರೆಲ್ಲ ‘ಬರ್ತಾ ಬರ್ತಾ’ ಎಂದೇ ಶುರುವಾಗುತ್ತದೆ, ನಮ್ಮ ಉತ್ತರ ‘ಹೋಗ್ತಾ ಹೋಗ್ತಾ’ ಎಂದು ಶುರುವಾಗಬೇಕು ಎನ್ನುತ್ತಿದ್ದಿರಿ. ಎರಡಕ್ಕೂ ಕ್ರಮೇಣ ಎಂದೇ ಅರ್ಥವಲ್ಲವೇ ಎಂದು ನಾನು ವಾದಕ್ಕಿಳಿದರೆ, “ಬಂದ ದಾರಿ ಅವರು ಹೇಳ್ತಾರೆ, ಮುಂದಿನ ದಾರಿ ನಾವು ತೋರಿಸಬೇಕು,” ಎಂದು ಗಾಜು ಒರೆಸುತ್ತ ನಗುತ್ತಿದ್ದಿರಿ. ನಿಘಂಟು ಬರೆದವರಿಗೂ ಇದು ಹೊಳೆದಿರಲಿಕ್ಕಿಲ್ಲ.

ನಾನು ಕಣ್ಣು ಪರೀಕ್ಷಿಸಿ ಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಟೀಚರಮ್ಮ, “ನೆಲಾನೇ ತಗ್ಗಿಗೆ ಹೋದ ಹಾಗಿದೆ,” ಎಂದು ಗೊಣಗಿದರು.

“ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ ಬಿಡಿ,” ಎಂದೆ. ಹೇಳುವಾಗ ನನ್ನ ಕೈ ತಾನಾಗಿಯೇ ಅವರ ಕಿವಿಯ ಹಿಂದೆ ಕಡ್ಡಿ ಸರಿಮಾಡುತ್ತಿತ್ತು, ಥೇಟ್ ನಿಮ್ಮ ಹಾಗೆ.

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. “ಬರ್ತಾ ಬರ್ತಾ ನೀನು ನಿಮ್ಮಪ್ಪನೇ ಆಗಿಬಿಟ್ಟೆ ಕಣಮ್ಮ.”

ಇದು ದೂರಲ್ಲ. ದೂರಲ್ಲದ ‘ಬರ್ತಾ ಬರ್ತಾ’ಗೆ ಏನು ಹೇಳಬೇಕೆಂದು ನೀವು ಕಲಿಸಿರಲಿಲ್ಲ. ಅವರ ಹಳೇ ಕನ್ನಡಕವನ್ನು ಒರೆಸುತ್ತ ನಿಂತುಬಿಟ್ಟೆ. ಅದು ನೀವು ಕೂರಿಸಿದ ಗಾಜು. ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ.